ಅಪ್ಪನ ಎಡ ಹುಬ್ಬು

ಕೈಯಿಂದ ಬರೆದ ಚಿತ್ರ, ಟ್ಯಾಬ್ಲೆಟ್‌ನಲ್ಲಿ ಬರೆದ ಚಿತ್ರ, ಎರಡರಿಂದಲೂ ಏನು ಕಲಿತಿರಿ ಎಂದು ಒಂದು ಪುಟ ಬರೆದುಕೊಡಲು ಕಾಲೇಜಿನವರು ಹೇಳಿದ್ದಾರೆ. ಬರೆಯುತ್ತೇನೆ. ಓದಿದ ಮೇಲೆ ಅಂಕ ಕೊಡುವ ಮನಸ್ಸು ಉಳಿಯುವುದು ಕಷ್ಟ.

ಹತ್ತು ವಾರ, ವಾರಕ್ಕೊಂದು ಹಾಳೆ, ಒಂದೇ ಮುಖವನ್ನು ಇದ್ದಿಲಿನಲ್ಲಿ ಬರೆಯಬೇಕಿತ್ತು. ನಾನು ಅಪ್ಪನ ಮುಖ ಆರಿಸಿಕೊಂಡೆ. ಕರೆದಾಗ ಬಂದು ಕೂರುವ ಮುಖ ಅದೊಂದೇ.

ಅಪ್ಪ ಫೋಟೋಗಳಿಗೆ ಕಟ್ಟು ಹಾಕುವವರು. ನಾಲ್ಕು ಹೆಜ್ಜೆಯ ಅಂಗಡಿ, ಗೋಡೆಗೊರಗಿಸಿದ ಗಾಜಿನ ಹಾಳೆಗಳು, ಎಲ್ಲೆಲ್ಲೂ ಮರದ ಪುಡಿ. ಚೌಕಟ್ಟು ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ಗೊತ್ತಾಗುತ್ತದೆ. ನೆಂಟರ ಮನೆಗೆ ಹೋದರೆ ಕುಶಲ ಕೇಳುವ ಮೊದಲೇ ಎದ್ದು ಅವರ ಗೋಡೆಯ ಫೋಟೋ ನೆಟ್ಟಗೆ ಮಾಡುವ ಆಸಾಮಿ. ಅಮ್ಮ ಬದುಕಿದ್ದಾಗ ಇದೊಂದಕ್ಕೇ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮೊದಲ ಮೂರು ವಾರ ಚಿತ್ರ ಚೆನ್ನಾಗಿಯೇ ಬಂತು. ನಾಲ್ಕನೇ ವಾರ ಎಡ ಹುಬ್ಬು ಕೆಳಗೆ ಜಾರಿತು. ನನ್ನ ಕೈಯನ್ನು ಬೈದುಕೊಂಡು, ಅಳಿಸಿ ತಿದ್ದಿದೆ. ಐದನೇ ವಾರ ತುಟಿಯ ಎಡತುದಿಯೂ ಇಳಿಯಿತು. ಮೇಷ್ಟ್ರು ಹಾಳೆಯ ಮುಂದೆ ನಿಂತು ಮುಖ ಕಿವುಚಿದರು.

“ಅಳತೆ ತಪ್ಪಿದೆಯಲ್ಲಮ್ಮ. ಒಂದು ಕಡೆ ಸೋತುಹೋದ ಹಾಗಿದೆ. ಗಮನ ಎಲ್ಲಿರುತ್ತೆ ನಿಂದು?”

ರಬ್ಬರು ತೆಗೆದುಕೊಂಡು ಹುಬ್ಬನ್ನು ಮೇಲಕ್ಕೆತ್ತಿದೆ. ಆಮೇಲೆ ಪ್ರತಿ ವಾರವೂ ಇದೇ ಗೋಳು. ನೋಡಿ ಬರೆದರೆ ಸೊಟ್ಟ ಬರುತ್ತಿತ್ತು. ಅಳಿಸಿ, ಬಲಗಡೆಯನ್ನು ಅಳೆದು ಎಡಗಡೆಗೆ ಇಳಿಸುತ್ತಿದ್ದೆ. ಎದುರಿಗೆ ಕೂತ ಮನುಷ್ಯನನ್ನು ಇನ್ನೊಮ್ಮೆ ನೋಡೋಣ ಎಂದು ಒಂದು ಸಲವೂ ಅನ್ನಿಸಲಿಲ್ಲ. ಅಪ್ಪನ ಮುಖ ನನಗೆ ಬಾಯಿಪಾಠ ಎಂಬ ಸೊಕ್ಕು.

ಆರನೇ ವಾರದಿಂದ ಇದ್ದಿಲಿನ ಹಾಳೆಯ ಜೊತೆಗೆ ಅದೇ ಮುಖವನ್ನು ಟ್ಯಾಬ್ಲೆಟ್‌ನಲ್ಲೂ ಬರೆಯಬೇಕಿತ್ತು. ಅಲ್ಲಿ ಈ ತಾಪತ್ರಯವೇ ಇಲ್ಲ. ನಡುವೆ ಗೆರೆ ಇಟ್ಟು ಅರ್ಧ ಮುಖ ಬರೆದರೆ ಉಳಿದರ್ಧವನ್ನು ಅದೇ ಮೂಡಿಸುತ್ತದೆ. ಬಲಗಡೆ ಬರೆದೆ, ಎಡಗಡೆ ತಾನಾಗಿ ಬಂತು. “ಈಗ ಕೈ ಕುದುರಿತು ನೋಡು” ಎಂದರು ಮೇಷ್ಟ್ರು. ಅದರ ಪ್ರಿಂಟಿಗೆ ಅಪ್ಪ ಕೈಯಾರೆ ಕಟ್ಟು ಹಾಕಿ ಅಂಗಡಿಯಲ್ಲಿ ತೂಗುಹಾಕಿದರು. ಬಂದ ಗಿರಾಕಿಗಳಿಗೆಲ್ಲ ತೋರಿಸುವಾಗ ಅವರ ಮಾತು ತುಸು ತೊದಲುತ್ತಿತ್ತು. ಕೇಳಿದರೆ ಹಲ್ಲುನೋವು ಅಂದರು.

ಹತ್ತನೇ ಹಾಳೆ ಮುಗಿದ ವಾರ, ಗಾಜು ಕೊಯ್ಯುವಾಗ ಚೂರೊಂದು ಸಿಡಿದು ಅಪ್ಪನ ಎಡಗಣ್ಣಿಗೆ ಬಿತ್ತು. ರೆಪ್ಪೆ ಮುಚ್ಚಿರಲಿಲ್ಲ. ಮುಚ್ಚುವ ಶಕ್ತಿಯೇ ಅದಕ್ಕೆ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗಿಂತ ಹೆಚ್ಚು ಹೊತ್ತು ಮುಖವನ್ನು ನೋಡಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಒಳಗೆ ಗಡ್ಡೆ ಬೆಳೆದು ಮುಖದ ನರವನ್ನು ಒತ್ತುತ್ತಿದೆಯಂತೆ. ಯಾವಾಗಿನಿಂದ ಹೀಗಿದೆ ಎಂದು ಕೇಳಿದರು.

ಮನೆಗೆ ಓಡಿ ಹತ್ತೂ ಹಾಳೆ ತಂದೆ. ಇದ್ದಿಲು ಪೂರ್ತಿ ಅಳಿಯುವುದಿಲ್ಲ. ತಿದ್ದಿದ ಹುಬ್ಬಿನ ಕೆಳಗೆ ಮೊದಲು ಬರೆದ ಹುಬ್ಬು ಮಸುಕಾಗಿ ಉಳಿದಿತ್ತು. ಡಾಕ್ಟರು ನಾಲ್ಕನೇ ಹಾಳೆಯ ಮೇಲೆ ಬೆರಳಿಟ್ಟರು.

“ಆಗ್ಲೇ ಬಂದಿದ್ರೆ ಚಿಕ್ಕದಿರ್ತಿತ್ತು. ಈಗ ಆಪರೇಷನ್ ಮಾಡಿದ್ರೂ ಭರವಸೆ ಕೊಡೋಕಾಗಲ್ಲ. ಇದನ್ನ ಯಾಕಮ್ಮ ಅಳಿಸಿದ್ರಿ?”

ಹಾಳೆಗಳನ್ನು ಸುತ್ತಿ ಎತ್ತಿಕೊಂಡೆ. ವಾರ್ಡಿಗೆ ಹೋಗಿ ಅಪ್ಪನ ಮಂಚದ ಪಕ್ಕ ಕೂತು ಅತ್ತುಬಿಟ್ಟೆ.

“ನಂಗೆ ಕಾಣ್ತಿತ್ತು ಅಪ್ಪ. ನನ್ನ ಕೈದೇ ತಪ್ಪು ಅಂದ್ಕೊಂಡೆ.”

“ಅಳಬೇಡ ಪುಟ್ಟಿ,” ಅಪ್ಪ ಬಲಗಡೆಯ ತುಟಿಯಿಂದಷ್ಟೇ ಮಾತಾಡಿದರು. “ಗಡ್ಡ ಮಾಡ್ಕೊಳ್ಳೋವಾಗ ನಂಗೂ ಕಾಣ್ತಿತ್ತು. ಆದ್ರೆ ನೀನು ಬರೆದಿದ್ರಲ್ಲಿ ನೆಟ್ಟಗಿತ್ತಲ್ಲ. ಮಗಳು ಎದುರಿಗೆ ಕೂತು ನೋಡಿ ಬರೆದಿದಾಳೆ, ಅವಳ ಕಣ್ಣು ಸುಳ್ಳು ಹೇಳಲ್ಲ ಅಂತ, ಎರಡು ಸಲ ಕನ್ನಡಿ ಬದಲಾಯಿಸ್ದೆ.”