ಖಾಸಿಂ ಬೀ ಕಂಡ ಮಣ್ಣಿನ ಸೈನ್ಯ

ರಾಯಚೂರಿನ ಆ ಹತ್ತಿ ಮಿಲ್ಲಿನಲ್ಲಿ ಖಾಸಿಂ ಬೀಯ ಬಾಯಿಗೆ ಹೆದರದವರಿರಲಿಲ್ಲ. ಮಾನ್ವಿಯಿಂದ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೆ ಹತ್ತಿಯೊಳಗಿನ ಕಸ-ಕಲ್ಲು ಆರಿಸುವ ಕೆಲಸಕ್ಕೆ ಸೇರಿದ್ದಳು. ಎಂಬತ್ತಾರರ ಬೇಸಿಗೆಯಲ್ಲಿ ಹತ್ತಿಯೊಳಗಿನ ಕಲ್ಲೊಂದು ಯಂತ್ರದ ಹಲ್ಲಿಗೆ ತಾಗಿ ಕಿಡಿ ಹಾರಿ, ಅರ್ಧ ಗೋದಾಮು ಸುಟ್ಟುಹೋಯಿತು. ಪ್ರತಿ ಚೀಲಕ್ಕೂ ಆರಿಸಿದವಳ ಹೆಸರಿನ ಚೀಟಿ ಕಟ್ಟುವುದು ಅಲ್ಲಿಯ ಪದ್ಧತಿ. ಕಲ್ಲು ಉಳಿದಿದ್ದ ಚೀಲದ ಮೇಲೆ ಇದ್ದದ್ದು ಮಹಬೂಬೀಯ ಹೆಸರು. ಖಾಸಿಂ ಬೀಯ ಮಗ್ಗುಲಲ್ಲೇ ಕೂತು ಕೆಲಸ ಮಾಡುತ್ತಿದ್ದ ಆ ಬಡಪಾಯಿಯನ್ನು ಮಾಲೀಕ ಅವತ್ತೇ ಗೇಟಿನಾಚೆ ದಬ್ಬಿಸಿದ.

"ಕತ್ತಲ್ಯಾಗ ಕುಂದ್ರಿಸಿ ಹತ್ತಿ ಆರಸಾಕ ಹಚ್ಚಿದಾವ್ರು ಯಾರು?" ಎಂದು ಖಾಸಿಂ ಬೀ ಕೂಗಾಡಿದಳು. ಯೂನಿಯನ್ ಮುಖಂಡ ಯಂಕೋಬ ಅವಳ ಬಾಯಿಯನ್ನೇ ಕಟ್ಟಲು ನೋಡಿದ. "ಈಗ ಬ್ಯಾಡ ತಂಗಿ, ವ್ಯಾಳ್ಯಾ ನೋಡಿ ಮಾತಾಡೂಣು."

ಆ ವೇಳೆ ಬರಲೇ ಇಲ್ಲ. ಮರುವರ್ಷ ಅಲ್ಲಿಯ ಕಾರ್ಮಿಕ ಸಂಘದ ಕರೆಯ ಮೇಲೆ ಚೀನಾಕ್ಕೆ ಹೊರಟ ಕಾರ್ಮಿಕರ ತಂಡದಲ್ಲಿ ಯಂಕೋಬ ತನ್ನ ಜೊತೆ ಅವಳನ್ನೂ ಸೇರಿಸಿದ. ಬಾಯಿ ಮುಚ್ಚಿಸಲಿಕ್ಕೇ ಇದೆಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ದೇವದುರ್ಗದಾಚೆ ಊರು ಕಾಣದವಳು ವಿಮಾನ ಬೇಡ ಅನ್ನಲಾರದೆ ಹೋದಳು.

ಫ್ಯಾಕ್ಟರಿಗಳನ್ನೆಲ್ಲ ತೋರಿಸಿದ ಮೇಲೆ ಶಿಯಾನ್ ನಗರದ ಹತ್ತಿರ ನೆಲ ಅಗೆದು ತೆಗೆದ, ರಾಜನೊಬ್ಬ ತನ್ನ ಗೋರಿಯ ಕಾವಲಿಗೆಂದು ಮಾಡಿಸಿದ, ಎರಡು ಸಾವಿರ ವರ್ಷ ಹಳೆಯ ಮಣ್ಣಿನ ಸೈನ್ಯ ನೋಡಲು ಕರೆದೊಯ್ದರು. ದೊಡ್ಡ ಚಾವಣಿಯ ಕೆಳಗೆ, ಉದ್ದುದ್ದ ಗುಂಡಿಗಳಲ್ಲಿ, ಆಳೆತ್ತರದ ಸೈನಿಕರು ಸಾಲುಗಟ್ಟಿ ನಿಂತಿದ್ದರು. ಒಬ್ಬನಂತೂ ಥೇಟ್ ಅವಳ ಮಾವನ ಹಾಗೆ ಮುಖ ಗಂಟಿಕ್ಕಿಕೊಂಡಿದ್ದ. ಅವಳಿಗೆ ನಗು ಬಂತು.

ಜೊತೆಗಿದ್ದ ಚೀನೀ ಹುಡುಗಿ ಹಿಂದಿ ಕಲಿತವಳು. ದಖ್ಖನಿ ಮನೆಮಾತಿನ ಖಾಸಿಂ ಬೀಗೆ ಅವಳ ಮಾತು ನೇರವಾಗಿ ತಿಳಿಯುತ್ತಿತ್ತು. ಕೆಲವು ಗೊಂಬೆಗಳ ಮೇಲೆ ಮಾಡಿದವನ ಹೆಸರು ಒತ್ತಿದೆ ಎಂದು ಹುಡುಗಿ ಹೇಳಿದಾಗ ಖಾಸಿಂ ಬೀ ಹಿಗ್ಗಿದಳು. "ನೋಡ್ರಿ ಯಣ್ಣಾ, ಮಣ್ಣು ತುಳಿದಾವನ ಹೆಸರೂ ಉಳದದ!"

ಹುಡುಗಿ ಮುಂದುವರಿಸಿದಳು. ಅದು ಗೌರವಕ್ಕಲ್ಲವಂತೆ. ಗೊಂಬೆಯಲ್ಲಿ ಐಬು ಕಂಡರೆ ಯಾರನ್ನು ಹಿಡಿದು ಶಿಕ್ಷಿಸಬೇಕೆಂದು ತಿಳಿಯಲಿಕ್ಕಂತೆ. ಗೋರಿಯ ಗುಟ್ಟು ಬಲ್ಲ ಕೆಲಸಗಾರರನ್ನು ಒಳಗೇ ಬಿಟ್ಟು ಬಾಗಿಲು ಮುಚ್ಚಿದರೆಂದೂ ಹಳೆಯ ಚರಿತ್ರೆಯಲ್ಲಿದೆಯಂತೆ.

ಖಾಸಿಂ ಬೀಯ ಮೈ ಉರಿದುಹೋಯಿತು. ಅಷ್ಟರಲ್ಲಿ ಯಂಕೋಬ, "ಎಂಥಾ ರಾಜ ಇರಬೇಕು! ಬಾ, ಒಂದು ಫೋಟೋ ತೆಗಸೂಣು" ಅಂದ.

"ನಾ ನಿಲ್ಲಂಗಿಲ್ಲ. ನಾಚಿಗಿ ಆಗಂಗಿಲ್ಲೇನ್ರಿ ನಿಮಗ? ಮಹಬೂಬೀನ ಹೊರಗ ಹಾಕಿದಾಗೂ ಹಿಂಗ ತಲಿ ಆಡಿಸಿದ್ರಿ."

"ಮೆತ್ತಗ ಮಾತಾಡಬೇ. ನಾವು ಇಲ್ಲಿ ಮೆಹಮಾನ್ರು."

"ಮೆಹಮಾನ್ರಾದ್ರ ಕಣ್ಣು ಕಿತ್ತಿಟ್ಟು ಬರಬೇಕೇನ್ರಿ?"

ತಿರುಗಿ ಬಂದ ಮೇಲೆ ಮಿಲ್ಲಿನ ಅಂಗಳದಲ್ಲಿ ಸ್ವಾಗತ ಸಭೆ. ಮಾಲೀಕನೇ ಹಾರ ತಂದಿದ್ದ. ಅವಳು ಕೊರಳು ಬಗ್ಗಿಸಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಎಲ್ಲರ ಮುಂದೆ ಹೇಳಿ, "ನಾಳಿಂದ ಯಾರೂ ಚೀಟಿ ಕಟ್ಟಬ್ಯಾಡ್ರಿ" ಎಂದಳು. ಮರುದಿನ ಹೆಂಗಸರು ಕಟ್ಟಲಿಲ್ಲ. ಮಾಲೀಕ ಬೈದ, ಹೆದರಿಸಿದ, ಕೊನೆಗೆ ಸುಗ್ಗಿಯ ಹತ್ತಿ ರಾಶಿ ಬಿದ್ದಾಗ ಸುಮ್ಮನಾದ. ಚೀಟಿ ಹೋಯಿತು. ಖಾಸಿಂ ಬೀಯ ಕೆಲಸವೂ ಹೋಯಿತು.

ಮಾಫಿ ಕೇಳಿದರೆ ತಿರುಗಿ ತಗೋತಾರೆ ಎಂದು ಹೇಳಲು ಮನೆಗೆ ಬಂದ ಯಂಕೋಬನ ಮುಖಕ್ಕೇ ಬಾಗಿಲು ಹಾಕಿದಳು. ದೇವದುರ್ಗದ ಅಣ್ಣನ ಮನೆ ಸೇರಿದ್ದ ಮಹಬೂಬೀಯನ್ನು ಕರೆತಂದು, ಮಿಲ್ಲಿನ ಗೇಟಿನ ಎದುರೇ ಮಿರ್ಚಿ ಭಜಿ ಕರಿಯಲು ಕೂತಳು. ಮಾಲೀಕನ ಕಾರು ಹೊರಬಂದಾಗಲೆಲ್ಲ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಇಬ್ಬರಲ್ಲಿ ಮೊದಲು ಕಣ್ಣು ತಪ್ಪಿಸುತ್ತಿದ್ದವನು ಅವನೇ.