ಹುನಗುಂದಕ್ಕೆ ನಾನು ಕೊಟ್ಟ ಬಾರ

ತಂತಿಯ ಮೇಲೆ ನಮಗ್ಯಾರಿಗೂ ಹೆಸರಿರಲಿಲ್ಲ. ನಾನು ಬಾಗಲಕೋಟೆ. ಉಳಿದವರು ಬಾದಾಮಿ, ಹುನಗುಂದ, ಇಳಕಲ್ಲು. ನಾಲ್ಕೂ ಊರಿನ ಟಪಾಲು ಕಚೇರಿಗಳನ್ನು ಒಂದೇ ತಾರಿನ ತಂತಿ ಪೋಣಿಸಿತ್ತು. ಒಬ್ಬರು ಕೀಲಿ ಒತ್ತಿ ಕಳಿಸಿದ್ದು ನಾಲ್ವರ ಮೇಜಿನ ಮೇಲೂ ಕಟಕಟ ಎನ್ನುತ್ತಿತ್ತು. ಗುಟ್ಟು ಎನ್ನುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಎಪ್ಪತ್ತರ ದಶಕದ ಮಾತಿದು. ಯಾರು ಹುಟ್ಟಿದರು, ಯಾರು ಸತ್ತರು, ಯಾರು ಕೂಡಲೇ ಹೊರಟು ಬರಬೇಕು ಎಂಬುದೆಲ್ಲ ನಮ್ಮ ಬೆರಳಿನಿಂದಲೇ ಹೋಗಬೇಕಿತ್ತು.

ಬೇಸಿಗೆಯ ಮಧ್ಯಾಹ್ನ ಮಾತ್ರ ಯಾರೂ ಹುಟ್ಟುತ್ತಿರಲಿಲ್ಲ, ಸಾಯುತ್ತಿರಲಿಲ್ಲ. ಆ ಹೊತ್ತಿಗೆ ತಂತಿಯ ಮೇಲೆ ಚೌಕಾಬಾರ ಆಡುವ ಯೋಚನೆ ಇಳಕಲ್ಲಿನವರದು. ಒಬ್ಬೊಬ್ಬರೂ ತಮ್ಮ ಮೇಜಿನ ಮೇಲೆ ಪಾಟಿ ಇಟ್ಟು ಮನೆ ಬರೆದುಕೊಳ್ಳುವುದು, ಯಾವ ಕಾಯಿ ಎಷ್ಟು ನಡೆಯಿತೆಂದು ಕಳಿಸುವುದು. ಕವಡೆ ಮಾತ್ರ ಒಂದೇ ಕಡೆ ಬೀಳಬೇಕು. ಇಳಕಲ್ಲಿನವರ ಕೈಗೆ ಕವಡೆ ಕೊಡಲು ಯಾರೂ ತಯಾರಿರಲಿಲ್ಲ, ಅಷ್ಟು ತುಂಟರು ಅವರು. ನಮ್ಮೆಲ್ಲರಿಗೂ ಹಿರಿಯರಾದ ಬಾದಾಮಿಯವರು ತೀರ್ಪು ಕೊಟ್ಟರು: "ಬಾಗಲಕೋಟಿ ಒಗೀಲಿ. ದೊಡ್ಡ ಕಚೇರಿ, ಸುಳ್ಳ ಹೇಳಂಗಿಲ್ಲ."

ಹಾಗೆ ನಾನು ಆಡದೆ ಆಡಿಸುವವನಾದೆ. ಶಾಯಿ ಪ್ಯಾಡಿನ ಹಳೆಯ ಡಬ್ಬಿಯಲ್ಲಿ ನಾಲ್ಕು ಕವಡೆ. ಎಷ್ಟು ಅಂಗಾತ ಬೀಳುತ್ತವೋ ಅಷ್ಟು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು; ಮೇಲೆ ಇನ್ನೊಂದು ಒಗೆತ. ಬಾರಕ್ಕೆ ನಾವು ಒಂದೇ ಅಕ್ಷರ, ಇಂಗ್ಲಿಷಿನ ಬಿ, ಕಳಿಸುತ್ತಿದ್ದೆವು: ಒಂದು ಗೆರೆ, ಮೂರು ಚುಕ್ಕಿ. ಕವಡೆ ನೋಡುವವನು ನಾನೊಬ್ಬನೇ, ನಾನು ಹೇಳಿದ್ದೇ ಬಿದ್ದದ್ದು. ಡಬ್ಬಿ ಮುಂದಿಟ್ಟುಕೊಂಡು ಕೂತರೆ ನನಗೆ ಸ್ವಲ್ಪ ಸೊಕ್ಕೇ ಬರುತ್ತಿತ್ತು.

ಹುನಗುಂದದಲ್ಲಿ ಮೊದಲಿದ್ದ ತಾರಿನವರು ಚಿಕ್ಕ ವಯಸ್ಸಿನಲ್ಲೇ ಜ್ವರದಿಂದ ತೀರಿಕೊಂಡರು. ಆ ಜಾಗ ಅವರ ಹೆಂಡತಿಗೆ ಸಿಕ್ಕಿತು. ಆಕೆ ಹುಬ್ಬಳ್ಳಿಗೆ ಹೋಗಿ ಕೆಲಸ ಕಲಿತು, ಪರೀಕ್ಷೆ ಪಾಸಾಗಿ ಬಂದು ಕೂತರು. ಕೀಲಿ ಒತ್ತುವ ಕೈ ಗಂಡನಿಗಿಂತ ಚೊಕ್ಕ. ಒಂದು ಚುಕ್ಕಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆದರೆ ಕಿಟಕಿಯಲ್ಲಿ ನಿಂತ ಊರ ಮಂದಿಗೆ ಅದು ಕೇಳಿಸುತ್ತಿರಲಿಲ್ಲ. "ಪುಕ್ಕಟ ಬಂದ ನೌಕರಿ" ಎಂದು ಆಕೆಯ ಎದುರೇ ಆಡಿಕೊಳ್ಳುತ್ತಿದ್ದರಂತೆ.

ಇದನ್ನು ಆಕೆಯೇ ಒಮ್ಮೆ ಆಟದ ನಡುವೆ ತಂತಿಯಲ್ಲಿ ಹೇಳಿದರು. "ಮಂದಿ ಲೆಕ್ಕದಾಗ ನನ್ನದು ಅನ್ನೂದು ಏನೂ ಇಲ್ರಿ. ನೌಕರಿ ಗಂಡಂದು, ಪಗಾರ ಸರಕಾರದ್ದು. ಈ ಆಟ ಒಂದ ನಾ ಸ್ವಂತ ಆಡತೇನಿ."

ಆ ಮಾತನ್ನು ನಾನು ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡೆ. ಕೇಳಿ ಮರುಗಿದೆ. ಮರುಗಿದ್ದೇ ತಪ್ಪಾಯಿತು. ಆಗಿನ್ನೂ ಆಕೆ ಸೋಲುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಆಕೆಯ ಸರದಿಗೆ ಎರಡು ಅಂಗಾತ, ಎರಡು ಬೋರಲು ಬಿದ್ದವು. ನನ್ನ ಬೆರಳು ಒಂದು ಗೆರೆ, ಮೂರು ಚುಕ್ಕಿ ಕಳಿಸಿಬಿಟ್ಟಿತು. ಆ ಎಂಟರಿಂದ ಆಕೆ ಬಾದಾಮಿಯವರ ಕಾಯಿ ಹೊಡೆದರು. ಇನ್ನೆರಡು ಮನೆ ನಡೆದಿದ್ದರೆ ನಡುಮನೆ ಸೇರಿ ಹಣ್ಣಾಗುತ್ತಿದ್ದ ಕಾಯಿ ಅದು.

ಕೈಗೆ ರುಚಿ ಹತ್ತಿತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ. ಕಳೆದುಕೊಳ್ಳುವವರು ಬಾದಾಮಿಯವರು, ದಾನಶೂರ ನಾನು. ಅವರೋ ಒಮ್ಮೆಯೂ ಗೊಣಗಲಿಲ್ಲ. "ನಿನ್ನ ನಸೀಬ ಭಾಳ ಛಲೋ ಐತಿ, ತಂಗೆವ್ವಾ" ಎಂದಷ್ಟೇ ಕಳಿಸಿದರು.

"ನಸೀಬ ಅಲ್ರಿ ಅಣ್ಣಾರ. ಲೆಕ್ಕ ಹಾಕಿ ನಡಸ್ತೇನಿ" ಎಂದು ಹುನಗುಂದದಿಂದ ಉತ್ತರ ಬಂತು.

ಲೆಕ್ಕ ಹಾಕುತ್ತಿದ್ದದ್ದು ಖರೆ. ಬರಬರುತ್ತ ಆಕೆ ಎಂಥ ಆಟಗಾರ್ತಿಯಾದರೆಂದರೆ ಇಳಕಲ್ಲಿನವರು ಆಕೆಯ ಸರದಿ ಬಂದರೆ ತಮಾಷೆ ನಿಲ್ಲಿಸುತ್ತಿದ್ದರು. ನಾನು ಮಾತ್ರ ಅದು ನನ್ನ ಬಾರಗಳ ಪುಣ್ಯ ಎಂದುಕೊಂಡಿದ್ದೆ.

ಅಷ್ಟರಲ್ಲಿ ಅವ್ವನ ಕಣ್ಣಿನ ಆಪರೇಷನ್ನಿಗೆಂದು ನಾನು ರಜೆ ಹಾಕಿ ಮಿರಜಿಗೆ ಹೋದೆ. ನನ್ನ ಜಾಗಕ್ಕೆ ಹೊರಗಿನಿಂದ ಒಬ್ಬ ಬದಲಿ ಹುಡುಗ ಬಂದ. ಡಬ್ಬಿ ತೋರಿಸಿ ಆಟದ ರೀತಿ ಹೇಳಿಕೊಟ್ಟೆ, ಪುಕ್ಕಟೆ ಬಾರದ ಸಂಗತಿ ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುವವನಲ್ಲ, ಗೆರೆ ಎಳೆದಂತೆ ನಡೆಯುವ ಮನುಷ್ಯ. ತಿರುಗಿ ಬಂದಾಗ ಅವನು, "ಹುನಗುಂದದವರು ಗೆದ್ರು ನೋಡ್ರಿ. ಒಂದ ಬಾರಾನೂ ಬೀಳಲಿಲ್ಲ ಅವರಿಗೆ, ಬರೇ ಎರಡು, ಮೂರು. ಆದ್ರೂ ಎಲ್ಲಾ ಕಾಯಿ ಹಣ್ಣ ಮಾಡಿದ್ರು" ಎಂದ. ಮರುದಿನ ಅವನು ಬೇರೆ ಊರಿಗೆ ಹೊರಟುಹೋದ.

ನಾನು ಸಂತೋಷಪಡಬೇಕಿತ್ತು. ನನಗೆ ಸಿಟ್ಟು ಬಂತು. ನಾನು ಕೊಟ್ಟದ್ದು ಆಕೆಗೆ ಬೇಕಾಗಿಯೇ ಇರಲಿಲ್ಲ. ಅದೇ ವಾರ ಮತ್ತೆ ಬಾರ ಕೊಡಲು ಶುರುಮಾಡಿದೆ. ಮೊದಲು ಕೊಟ್ಟದ್ದಕ್ಕೆ ಕನಿಕರ ಎನ್ನಬಹುದು. ಇದಕ್ಕೆ ಆ ಹೆಸರೂ ಸಲ್ಲದು.

ಒಂದು ದಿನ ಇಳಕಲ್ಲಿನವರು ಕಣ್ಣಿಗೆ ಹೊಸ ಚಾಳೀಸು ತೆಗೆದುಕೊಳ್ಳಲು ಬಾಗಲಕೋಟೆಗೆ ಬಂದವರು ಅದನ್ನು ಹಾಕಿಕೊಂಡೇ ಕಚೇರಿಗೂ ಬಂದರು. ಆಗ ಬಾದಾಮಿ ಮತ್ತು ಹುನಗುಂದದ ನಡುವೆ ಆಟ ನಡೆದಿತ್ತು. ಅವರು ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಎರಡು ಬಿದ್ದದ್ದನ್ನೂ ಬಾರ ಹೋದದ್ದನ್ನೂ ಹೊಸ ಚಾಳೀಸಿನಿಂದ ಚೆನ್ನಾಗಿ ನೋಡಿಕೊಂಡರು. ಆಮೇಲೆ ನನ್ನ ಲೆಕ್ಕದಲ್ಲಿ ಚಹಾ ಕುಡಿದು ಬಸ್ಸು ಹತ್ತಿದರು.

ಮರುದಿನ ಮಧ್ಯಾಹ್ನ ಇಳಕಲ್ಲಿನಿಂದ ಕಟಕಟ ಶುರುವಾಯಿತು. "ಬಾಗಲಕೋಟಿಯೊಳಗ ಎರಡು ಬಿದ್ರ ಹುನಗುಂದದಾಗ ಎಂಟು ಆಗತಾವ. ಕಣ್ಣಾರೆ ಕಂಡೇನಿ." ಅವರು ನಗಿಸಲೆಂದೇ ಕಳಿಸಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಕವಡೆಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ, ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ.

ಹುನಗುಂದ ಕೇಳಿತು: "ಖರೇನ್ರಿ, ಬಾಗಲಕೋಟಿಯವ್ರ?"

ನಾನು ಡಬ್ಬಿಯನ್ನು ಮೇಜಿನ ಖಾನೆಗೆ ತಳ್ಳಿದೆ. ಅದೇ ಚೊಕ್ಕ ಕೈಯಿಂದ ಮತ್ತೆ ಬಂತು: "ಹಂಗಾದ್ರ ನೀವು ರಜಾದಾಗ ಇದ್ದಾಗ ನಾ ಗೆದ್ದದ್ದು? ಅದೂ ಸುಳ್ಳೇನ್ರಿ?"

ಬದಲಿಯವನು ಕಳಿಸಿದ ಎರಡು, ಮೂರು ನಿಜವಾಗಿ ಬಿದ್ದದ್ದೇ, ಅದೊಂದು ಆಟ ಖರೆ ಎಂದು ಬಲ್ಲವನು ಆ ತಂತಿಯ ಮೇಲೆ ನಾನೊಬ್ಬನೇ. ಅದು ಖರೆ ಎಂದರೆ ಉಳಿದವು ಸುಳ್ಳು ಎಂದು ನಾನೇ ಒಪ್ಪಿಕೊಂಡಂತೆ. ಬಾದಾಮಿಯವರೂ ಕೇಳಿಸಿಕೊಳ್ಳುತ್ತಾರೆ. ನಾನು ಕೀಲಿಯ ಮೇಲೆ ಬೆರಳಿಟ್ಟು, "ತಡೆಯಿರಿ" ಎಂಬ ನಮ್ಮ ಸಂಕೇತ ಕಳಿಸಿದೆ. ಬಾರದ ಗೆರೆಗೆ ಮೊದಲು ಒಂದು ಚುಕ್ಕಿ ಇಟ್ಟರೆ ಆಯಿತು, ಅದೇ "ತಡೆಯಿರಿ". ಅಷ್ಟರಲ್ಲಿ ಕಿಟಕಿಗೆ ಯಾರೋ ತಾರು ಕೊಡಲು ಬಂದರು. ಅವರನ್ನು ದೇವರೇ ಕಳಿಸಿದನೆಂದು ಎದ್ದುಹೋದೆ. ಆಮೇಲೆ ಆ ಪ್ರಶ್ನೆಗೆ ತಿರುಗಿ ಬರಲೇ ಇಲ್ಲ.

ಆಕೆ ಮತ್ತೆ ಕೇಳಲಿಲ್ಲ, ಆಡಲೂ ಇಲ್ಲ. ಕೆಲಸದ ತಾರುಗಳು ಮಾತ್ರ ಮೊದಲಿನಷ್ಟೇ ಚೊಕ್ಕವಾಗಿ ಬರುತ್ತಿದ್ದವು. ಒಂದು ಬಿದ್ದರೆ ಮೂರು ಎನ್ನಲು ಬದಲಿಯವನಿಗೂ ನಾನೇ ಹೇಳಿಕೊಟ್ಟು ಹೋಗಿದ್ದೆ ಎಂದು ಇಳಕಲ್ಲಿನವರು ನಂಬಿದರು. ಅದನ್ನೂ ನಾನು ಅಲ್ಲಗಳೆಯಲಿಲ್ಲ. ಊರು ನೌಕರಿಯನ್ನು ಪುಕ್ಕಟೆ ಎಂದಿತ್ತು, ನಾನು ಆಕೆಯ ಗೆಲುವನ್ನೂ ಪುಕ್ಕಟೆ ಮಾಡಿ ಕೂತೆ.

ಎಂಬತ್ತರ ದಶಕದಲ್ಲಿ ಬಾದಾಮಿಯವರು ನಿವೃತ್ತರಾದಾಗ ನಮ್ಮನ್ನೆಲ್ಲ ಮನೆಗೆ ಕರೆದರು. ನಾನು ಆಕೆಯ ಮುಖ ನೋಡಿದ್ದು ಅವತ್ತೇ ಮೊದಲು. ಇಳಕಲ್ಲು ಸೀರೆ ಉಟ್ಟ, ನಡುವಯಸ್ಸಿನ, ನೇರ ಕಣ್ಣಿನ ಹೆಂಗಸು. ನಮಸ್ಕಾರ ಮಾಡಿದರು, ಅವ್ವನ ಕಣ್ಣು ಹೇಗಿದೆ ಎಂದು ಕೇಳಿದರು. ಬಾದಾಮಿಯವರು ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮನೆ ಬರೆದಿಟ್ಟಿದ್ದರು. "ಇವತ್ತರ ಎಲ್ಲಾರೂ ಕೂಡಿ ಕುಂತು ಆಡೋಣು" ಎಂದರು.

ಆಕೆಯ ಸರದಿ ಬಂತು. ಕವಡೆ ಒಗೆದು, ಅವುಗಳನ್ನು ನೋಡದೆ ನನ್ನ ಕಡೆ ತಿರುಗಿದರು. "ಎಷ್ಟು ಬಿದ್ದಾವ, ನೀವ ಹೇಳ್ರಿ."

"ಎರಡು" ಎಂದೆ.

"ಹೂಂ. ಇಷ್ಟ ಸಾಕಾಗಿತ್ತು ರೀ ನನಗ" ಎಂದು ಆಕೆ ಕಾಯಿಯನ್ನು ಎರಡು ಮನೆ ನಡೆಸಿದರು.

ಆಗಲಾದರೂ ಹೇಳಬಹುದಿತ್ತು, ರಜೆಯ ಆಟ ನಿಮ್ಮದೇ, ಅದರಲ್ಲಿ ನನ್ನ ಕೈ ಇರಲಿಲ್ಲ ಎಂದು. ಕೇಳಬೇಕಾದವರೆಲ್ಲ ಅಲ್ಲೇ ಕೂತಿದ್ದರು, ಆಕೆಯೂ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಒಳಗಿನಿಂದ ಚಹಾ ಬಂತು. ನಾನು ಬಸಿಗೆ ಸುರಿದುಕೊಂಡು, ಆರಲಿ ಎಂದು ಊದುತ್ತ ಕೂತೆ.