ಶಿವನಂಜಮ್ಮನ ಜಾಂಬಿಯಾ

ತಮಿಳುನಾಡಿಗೆ ಸೇರಿದ ಕನ್ನಡದ ಸೀಮೆ ತಾಳವಾಡಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಷಡಕ್ಷರಿಯವರಿಗೆ ಆಫ್ರಿಕಾದ ಜಾಂಬಿಯಾದಲ್ಲಿ ಕೆಲಸ ಸಿಕ್ಕಿತು. ಅವರು ಮೊದಲು ಹೋಗಿ ಮನೆ ಮಾಡಿದರು. 1976ರ ಕೊನೆಗೆ ಹೆಂಡತಿ ಶಿವನಂಜಮ್ಮ ಹದಿನಾಲ್ಕು ವರ್ಷದ ಮಗಳು ನೀಲಾಂಬಿಕೆಯನ್ನು ಕರೆದುಕೊಂಡು ದಿಂಬಂ ಘಾಟಿ ಇಳಿದಳು. ಶಿವನಂಜಮ್ಮ ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಸತ್ಯಮಂಗಲದ ಸಂತೆಯಲ್ಲಿ ತಮಿಳಿನಲ್ಲಿ ಚೌಕಾಸಿಗೆ ನಿಂತರೆ ಮಾತ್ರ ಅಂಗಡಿಯವರೇ ಸೋಲಬೇಕು. ಅದರಿಂದಾಚೆಗಿನ ಲೋಕವನ್ನು ಅವಳು ಕಂಡಿರಲಿಲ್ಲ.

ಅವರು ಹೋಗಿ ಸೇರಿದ್ದು ತಾಮ್ರದ ಗಣಿಗಳ ಊರು. ಜನವರಿಯಲ್ಲಿ ನೀಲಾಳನ್ನು ಶಾಲೆಗೆ ಸೇರಿಸಿದರು. ಕನ್ನಡದಲ್ಲೇ ಓದಿ ಬೆಳೆದ ಹುಡುಗಿಗೆ ಅಲ್ಲಿ ಎಲ್ಲವೂ ಇಂಗ್ಲಿಷು. ಆದರೂ ಮೊದಮೊದಲು ಹುರುಪಿನಿಂದಲೇ ಹೋದಳು. ಒಂದು ದಿನ ಮಧ್ಯಾಹ್ನ ಬಂದವಳು ಚೀಲ ಎಸೆದು, ಯೂನಿಫಾರಮ್ಮಿನಲ್ಲೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ಯಾಕ್ಮಗ, ಏನಾಯ್ತು?"

"ನಾ ಇನ್ನು ಓಗದಿಲ್ಲ ಕಣವ್ವ. ಎಲ್ರೂ ನಗಾಡ್ತರ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಸಂಗತಿ ಹೊರಬಿತ್ತು. ಪಾಠ ಗಟ್ಟಿಯಾಗಿ ಓದಲು ಹೇಳಿದ್ದರು. ಬೆಟ್ಟ ಅನ್ನುವ 'ಹಿಲ್' ಇವಳ ಬಾಯಲ್ಲಿ ಕಾಯಿಲೆ ಅನ್ನುವ 'ಇಲ್' ಆಗಿತ್ತು. 'ಹೌಸ್' ಹೋಗಿ 'ಔಸ್' ಆಗಿತ್ತು. ಹೊಲವನ್ನು ಒಲ, ಹಾಲನ್ನು ಆಲು ಅನ್ನುವ ಸೀಮೆಯ ನಾಲಗೆ ಅದು, ತಾನೇ ಏನು ಮಾಡೀತು? ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಅವತ್ತಿನಿಂದ ನೀಲಾ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು.

ಷಡಕ್ಷರಿ ಮೇಷ್ಟ್ರ ಬುದ್ಧಿ ತೋರಿಸಿದರು. ದಿನವೂ ಎದುರಿಗೆ ಕೂರಿಸಿಕೊಂಡು "ಹಿಲ್ ಅನ್ನು, ಹೌಸ್ ಅನ್ನು" ಎಂದು ತಿದ್ದತೊಡಗಿದರು. ತಿದ್ದಿದಷ್ಟೂ ಹುಡುಗಿ ಮೂಕಿಯಾದಳು.

"ನೀವ್ ಸುಮ್ಗಿರಿ ಅತ್ಲಾಗಿ. ಎಳೆ ಗಿಡವ ದಿನಾ ಕಿತ್ತು ಬೇರು ನೋಡುದ್ರೆ ಅದು ಬದುಕ್ತದ?" ಎಂದಳು ಶಿವನಂಜಮ್ಮ. ತಾನು ಏನು ಮಾಡಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಮಗಳು ಒಬ್ಬಳೇ ಹೋಗಬಾರದು ಅನ್ನುವುದಷ್ಟೇ ತಿಳಿದಿತ್ತು. ಮಾರನೆಯ ದಿನ ಸೀರೆ ನೆರಿಗೆ ಎತ್ತಿ ಕಟ್ಟಿ ಅವಳ ಜೊತೆಗೇ ಹೊರಟಳು.

ಶಾಲೆಯ ಗೇಟಿನ ಹತ್ತಿರ ಒಬ್ಬ ಹೆಂಗಸು ಟೊಮೆಟೊ, ಹಸಿ ಕಡಲೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಅವಳ ಮಗಳು ಚಂಡಾ ನೀಲಾಳ ಕ್ಲಾಸಿನವಳೇ. ಶಿವನಂಜಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕಡಲೆಕಾಯಿ ಎತ್ತಿ ತೋರಿಸಿ, ಇದಕ್ಕೇನಂತೀರಿ ಎಂದು ಕೈಸನ್ನೆಯಲ್ಲಿ ಕೇಳಿದಳು. ಆ ಹೆಂಗಸು ಹೇಳಿದಳು. ಇವಳು ಅದನ್ನೇ ತಪ್ಪುತಪ್ಪಾಗಿ ಅಂದಳು. ಆ ಹೆಂಗಸು ಬಿದ್ದು ಬಿದ್ದು ನಕ್ಕಳು. ಇವಳೂ ಅಷ್ಟೇ ಜೋರಾಗಿ ನಕ್ಕು ಇನ್ನೊಂದು ಸಲ ಅಂದಳು. ನೀಲಾ ನಾಚಿಕೆಯಿಂದ ತಲೆ ತಗ್ಗಿಸಿ ಓಡಿ ಒಳಗೆ ಹೋದಳು.

ಅಲ್ಲಿಯ ಮಳೆಗಾಲ ಮುಗಿಯುವ ಹೊತ್ತಿಗೆ ಶಿವನಂಜಮ್ಮ ಗೇಟಿನ ಬಳಿ ಹೋಗಿ ಬರುವವರಿಗೆಲ್ಲ "ಮುಲಿ ಶಾನಿ" ಎಂದು ಅಲ್ಲಿಯವರ ಮಾತಿನಲ್ಲೇ ಕ್ಷೇಮ ಕೇಳುತ್ತಿದ್ದಳು. ಒಂದು ಸಂಜೆ ಚಂಡಾಳ ಅಮ್ಮ ತಾಯಿ ಮಗಳಿಬ್ಬರನ್ನೂ ಮನೆಗೆ ಕರೆದಳು. ತಟ್ಟೆಗೆ ಬಂದದ್ದು ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ ಸೊಪ್ಪು. ನೀಲಾ ಮುದ್ದೆ ಮುರಿದು ಸೊಪ್ಪಿನಲ್ಲಿ ಅದ್ದುವುದನ್ನು ಕಂಡು ಚಂಡಾ ಕಣ್ಣರಳಿಸಿದಳು. ಇವಳಿಗೆ ಯಾರೂ ಕಲಿಸಲೇ ಇಲ್ಲವಲ್ಲ! ಚಂಡಾಳೂ 'ರಿವರ್' ಅನ್ನಲು ಹೋಗಿ 'ಲಿವರ್' ಅನ್ನುವವಳು. ಇಬ್ಬರೂ ಒಬ್ಬರ ತಪ್ಪಿಗೆ ಒಬ್ಬರು ನಗುತ್ತ ಗೆಳತಿಯರಾದರು.

ಆಮೇಲೆ ಶಿವನಂಜಮ್ಮ ಮನೆಯಲ್ಲಿ ಹೊಸ ಹಟ ಹಿಡಿದಳು.

"ನಂಗೂ ಇಂಗ್ಲಿಸು ಯೋಳ್ಕೊಡು ಮಗ. ಅಂಗಡಿಗೋದ್ರೆ ನಿಮ್ಮಪ್ಪನ್ನೇ ಕರ್ಕಂಡೋಗ್ಬೇಕಲ್ಲ."

ಮಗಳು ಮೇಷ್ಟ್ರಾದಳು. ಅವ್ವನೂ 'ಔಸ್' ಅಂದಾಗ ನೀಲಾಳಿಗೆ ಮೊದಲ ಬಾರಿಗೆ ಆ ತಪ್ಪು ತನ್ನ ಕಿವಿಗೇ ಕೇಳಿಸಿತು. "ಅಂಗಲ್ಲವ್ವ, ಮುಂದ್ಗಡೆ ಉಸುರು ಬರ್ಬೇಕು."

"ಉಸುರಾ? ಓ, ಊರ್ಕಡೆ ತಾಳಮಲೆ ಚಳೀಲಿ ಕೈ ಬೆಚ್ಚಗ್ ಮಾಡ್ಕತಿವಲ್ಲ, ಅಂಗಾ?" ಶಿವನಂಜಮ್ಮ ಎರಡೂ ಅಂಗೈಯನ್ನು ಬಾಯಿಗೆ ಹಿಡಿದು 'ಹಾ' ಎಂದು ಊದಿದಳು. ನೀಲಾಳೂ ಊದಿದಳು. ಒಲೆಯ ಮುಂದೆ ತಾಯಿ ಮಗಳು ಅಂಗೈಗೆ ಊದಿ ಊದಿ, ಹಿಲ್, ಹೌಸ್, ಹ್ಯಾಂಡ್ ಎಂದು ನಗುತ್ತ ಕೂತದ್ದನ್ನು ಷಡಕ್ಷರಿ ಬಾಗಿಲಲ್ಲೇ ನಿಂತು ನೋಡಿದರು.

ವರ್ಷದ ಕೊನೆಗೆ ಶಾಲೆಯಲ್ಲಿ ಮಕ್ಕಳನ್ನೂ ಕೂರಿಸಿಕೊಂಡು ತಂದೆತಾಯಿಯರ ಸಭೆ ನಡೆಯಿತು. ನೀಲಾ ಗಣಿತದಲ್ಲಿ ಮುಂದಿದ್ದಾಳೆ, ಈಗ ಕೈಯೆತ್ತಿ ಪ್ರಶ್ನೆಯನ್ನೂ ಕೇಳುತ್ತಾಳೆ ಎಂದರು ಹೆಡ್ಮಿಸ್ಟ್ರೆಸ್. ಷಡಕ್ಷರಿ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಶಿವನಂಜಮ್ಮ ಎದ್ದು ನಿಂತಳು. ಕಲಿತ ಉಸಿರೆಲ್ಲ ಎಲ್ಲಿ ಹೋಯಿತೋ!

"ಮೇಡಂ, ಮೈ ಔಸ್... ಯು ಕಮ್..."

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವನನ್ನು ನೋಡಿ ಇನ್ನಿಬ್ಬರು. ಶಿವನಂಜಮ್ಮನ ಮುಖ ಬಿಸಿಯಾಯಿತು. ತನಗಾದದ್ದಕ್ಕಲ್ಲ, ಪಾಪ, ಮಗು ಮತ್ತೆ ಗೋಡೆಗೆ ಮುಖ ಮಾಡಿ ಮಲಗೀತೋ ಎಂದು.

ನೀಲಾ ಹಿಂದಕ್ಕೆ ತಿರುಗಿದಳು. "ನಮ್ಮ ತಾಯಿ ಮಾತಾಡುತ್ತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಅಂದಳು. ದನಿ ಏರಿಸಲಿಲ್ಲ, ತೊದಲಲೂ ಇಲ್ಲ. ಹುಡುಗರ ನಗು ನಿಂತಿತು. ಆಮೇಲೆ ಇತ್ತ ತಿರುಗಿ, "ಯೋಳವ್ವ, ನೀ ಯೋಳು" ಎಂದಳು.

ಶಿವನಂಜಮ್ಮ ಹೇಳಿದಳು. ಭಾನುವಾರ ನಮ್ಮ ಮನೆಗೆ ಬನ್ನಿ, ಊಟ ಮಾಡಿ, ನನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು, ತಡವರಿಸಿಕೊಂಡೇ, ಕೊನೆಯ ತನಕ. ಹೆಡ್ಮಿಸ್ಟ್ರೆಸ್ ಎದ್ದು ಬಂದು ಅವಳ ಕೈ ಹಿಡಿದುಕೊಂಡರು. ಮಾತು ಕೊಟ್ಟಂತೆ ಭಾನುವಾರ ಬಂದರು, ಬಡಿಸಿದ್ದನ್ನೆಲ್ಲ ಉಂಡರು.

ಸಂಸಾರ ತಾಳವಾಡಿಗೆ ಮರಳಿದ್ದು 1983ರಲ್ಲಿ. ಅಷ್ಟರಲ್ಲಿ ನೀಲಾ ಅಲ್ಲಿಯ ಓದು ಮುಗಿಸಿ ಮೈಸೂರಿನ ಕಾಲೇಜಿಗೆ ಸೇರಿದ್ದಳು. ಪಕ್ಕದ ಗುಮಟಾಪುರದ ನೆಂಟರು ಬಂದು ವಿಮಾನ ಹೇಗಿತ್ತು, ಅಲ್ಲಿ ಸಿಂಹ ಕಂಡೆಯಾ ಎಂದು ಕೇಳಿದರೆ ಶಿವನಂಜಮ್ಮ ಅದಕ್ಕೆಲ್ಲ ಒಂದೊಂದು ಮಾತಿನ ಉತ್ತರ ಕೊಟ್ಟು ಮುಗಿಸುತ್ತಿದ್ದಳು. ಆ ಸಭೆಯ ಸಂಗತಿಗೆ ಬಂದಾಗ ಮಾತ್ರ ಕೈಲಿದ್ದ ಕೆಲಸ ಬಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಮಗಳು ಹೇಗೆ ತಿರುಗಿದಳು ಎನ್ನುವುದನ್ನು ತಾನೇ ತಿರುಗಿ ತೋರಿಸುತ್ತಿದ್ದಳು.